ಬೆಳಕಿನ ಕ್ವಾಂಟಮ್ ಸ್ಥಿತಿಯ ಮಾಪನ ವಿಧಾನಗಳು: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಬೆಳಕು ಫೋಟಾನ್ ಎಂಬ ಬಿಡಿ ಘಟಕಗಳಾಗಿ ಪತ್ತೆಯಾಗುತ್ತದೆ. ದೀಪದ ಬೆಳಕು, ಲೇಸರ್ ಬೆಳಕು ಹಾಗೂ ಒಂದೊಂದೇ ಫೋಟಾನನ್ನು ಹೊರಸೂಸುವ ಆಕರದ ಬೆಳಕು ಒಂದೇ ಬಣ್ಣವನ್ನೂ ಒಂದೇ ಸರಾಸರಿ ತೀವ್ರತೆಯನ್ನೂ ಹೊಂದಿರಬಹುದು. ಆದರೆ ಫೋಟಾನುಗಳು ಬಂದು ಸೇರುವ ಕ್ರಮವು ಮೂರರಲ್ಲಿಯೂ ಭಿನ್ನವಾಗಿರುತ್ತದೆ. ಗೋಪ್ಯ ಸಂವಹನದ ಸುರಕ್ಷತೆಯು ಈ ವ್ಯತ್ಯಾಸವನ್ನು ಅವಲಂಬಿಸಿರುವುದರಿಂದ, ಅದನ್ನು ಅಳೆಯುವ ವಿಧಾನಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಮಾಪನದಲ್ಲಿನ ತೊಡಕು

ಸಾಮಾನ್ಯ ಶೋಧಕದಲ್ಲಿ ಪತ್ತೆಯಾದೊಡನೆ ಫೋಟಾನು ಹೀರಲ್ಪಟ್ಟು ಇಲ್ಲವಾಗುತ್ತದೆ. ಅಪರಿಚಿತ ಕ್ವಾಂಟಮ್ ಸ್ಥಿತಿಯ ಯಥಾಪ್ರತಿಯನ್ನು ತಯಾರಿಸುವುದು ಅಸಾಧ್ಯವೆಂದು 1982ರಲ್ಲಿ ಸಾಧಿಸಿ ತೋರಿಸಲಾಯಿತು. ಆದುದರಿಂದ ಒಂದೇ ರೀತಿಯಲ್ಲಿ ಸಿದ್ಧಪಡಿಸಿದ ಅನೇಕ ಫೋಟಾನುಗಳನ್ನು ವಿವಿಧ ಬಗೆಯಲ್ಲಿ ಅಳೆದು, ಒಟ್ಟು ಫಲಿತಾಂಶಗಳಿಂದ ಸ್ಥಿತಿಯನ್ನು ನಿರ್ಧರಿಸಬೇಕಾಗುತ್ತದೆ.

ಪ್ರಮುಖ ವಿಧಾನಗಳು

1. ಜೋಡಿ ಎಣಿಕೆ: ನೀಲಗಿರಿಯ ಅರುವಂಕಾಡಿನಲ್ಲಿ ಜನಿಸಿದ ರಾಬರ್ಟ್ ಹ್ಯಾನ್ಬರಿ ಬ್ರೌನ್ ಹಾಗೂ ರಿಚರ್ಡ್ ಟ್ವಿಸ್ ಅವರು 1956ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಮೂಲವಾಗಿದೆ. ಬೆಳಕನ್ನು ಅರೆಪಾರಕ ಕನ್ನಡಿಯಿಂದ ಎರಡಾಗಿ ವಿಭಜಿಸಿ, ಎರಡು ಶೋಧಕಗಳು ಏಕಕಾಲದಲ್ಲಿ ಸ್ಪಂದಿಸುವ ಪ್ರಮಾಣವನ್ನು ಎಣಿಸಲಾಗುತ್ತದೆ. ಈ ಸೂಚ್ಯಂಕವು ಲೇಸರ್ ಬೆಳಕಿಗೆ 1, ಆದರ್ಶ ಉಷ್ಣಜನ್ಯ ಬೆಳಕಿಗೆ 2 ಹಾಗೂ ಆದರ್ಶ ಏಕ ಫೋಟಾನ್ ಆಕರಕ್ಕೆ 0 ಆಗಿರುತ್ತದೆ. 0.5ಕ್ಕಿಂತ ಕಡಿಮೆ ಮೌಲ್ಯವನ್ನು ಏಕ ಫೋಟಾನ್ ಆಕರದ ಲಕ್ಷಣವೆಂದು ಪರಿಗಣಿಸಲಾಗುತ್ತದೆ.

2. ಧ್ರುವೀಕರಣ ಟೊಮೊಗ್ರಫಿ: ಲಂಬ-ಸಮತಲ, ಓರೆ ಹಾಗೂ ವರ್ತುಲ ಎಂಬ ಮೂರು ಬಗೆಯ ಧ್ರುವೀಕರಣಗಳಲ್ಲಿ ಎಣಿಕೆ ನಡೆಸಿ ಫೋಟಾನಿನ ಧ್ರುವೀಕರಣ ಸ್ಥಿತಿಯನ್ನು ಪುನರ್ರಚಿಸಲಾಗುತ್ತದೆ. ಎರಡು ಫೋಟಾನುಗಳ ಜೋಡಿಗೆ 16 ಮಾಪನಗಳು ಸಾಕಾಗುತ್ತವೆ.

3. ಹೋಮೊಡೈನ್ ಟೊಮೊಗ್ರಫಿ: ಪರೀಕ್ಷಿಸಬೇಕಾದ ಬೆಳಕನ್ನು ಪ್ರಬಲ ಲೇಸರ್ ಬೆಳಕಿನೊಡನೆ ಬೆರೆಸಿ, ಎರಡು ಶೋಧಕಗಳ ವಿದ್ಯುತ್ ಪ್ರವಾಹಗಳ ವ್ಯತ್ಯಾಸವನ್ನು ದಾಖಲಿಸಲಾಗುತ್ತದೆ. ಲೇಸರಿನ ಪ್ರಾವಸ್ಥೆಯನ್ನು ಹಂತ ಹಂತವಾಗಿ ಬದಲಿಸಿ ಮಾಪನವನ್ನು ಪುನರಾವರ್ತಿಸಲಾಗುತ್ತದೆ. ಸಿ.ಟಿ. ಸ್ಕ್ಯಾನ್ ಯಂತ್ರವು ವಿವಿಧ ಕೋನಗಳ ಎಕ್ಸ್-ರೇ ದಾಖಲೆಗಳಿಂದ ದೇಹದ ಒಳಚಿತ್ರವನ್ನು ರೂಪಿಸುವಂತೆಯೇ, ಇಲ್ಲಿ ವಿಗ್ನರ್ ಫಲನವೆಂಬ ಸ್ಥಿತಿಚಿತ್ರವು ದೊರೆಯುತ್ತದೆ. 1989ರಲ್ಲಿ ಸೂಚಿತವಾದ ಈ ವಿಧಾನವನ್ನು 1993ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗದಿಂದ ಸಾಧಿಸಲಾಯಿತು.

ಸುರಕ್ಷತೆಯ ದೃಷ್ಟಿಯಿಂದ ಇದರ ಮಹತ್ವ

ಲೇಸರ್ ಬೆಳಕನ್ನು ಎಷ್ಟೇ ಕುಗ್ಗಿಸಿದರೂ ಅದು ಏಕ ಫೋಟಾನ್ ಆಕರವಾಗುವುದಿಲ್ಲ. ಪ್ರತಿ ಪಲ್ಸಿಗೆ ಸರಾಸರಿ 0.1 ಫೋಟಾನ್ ಇರುವಂತೆ ಕುಗ್ಗಿಸಿದಾಗಲೂ, ಖಾಲಿಯಲ್ಲದ ಪ್ರತಿ 20 ಪಲ್ಸುಗಳಲ್ಲಿ ಸುಮಾರು ಒಂದರಲ್ಲಿ ಒಂದಕ್ಕಿಂತ ಹೆಚ್ಚು ಫೋಟಾನುಗಳಿರುತ್ತವೆ. ಗೋಪ್ಯ ಕೀಲಿಯನ್ನು ರವಾನಿಸುವಾಗ ಹೆಚ್ಚುವರಿ ಫೋಟಾನನ್ನು ಕದ್ದಿಟ್ಟುಕೊಂಡವರು ಕೀಲಿಯ ಭಾಗವನ್ನು ಯಾರಿಗೂ ತಿಳಿಯದಂತೆ ಅರಿಯಬಹುದು. ಆದುದರಿಂದ ಉಪಕರಣದ ವಿವರಪತ್ರದಲ್ಲಿ "ಏಕ ಫೋಟಾನ್" ಎಂದು ನಮೂದಿಸಿದ್ದಲ್ಲಿ, ಅಳೆದು ದಾಖಲಿಸಿದ ಸೂಚ್ಯಂಕವನ್ನು ಪರಿಶೀಲಿಸುವುದು ಅವಶ್ಯಕ.

ನಮ್ಮ ರಾಜ್ಯದಲ್ಲಿ

ಸರ್ ಸಿ.ವಿ. ರಾಮನ್ ಅವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಏಕ ಫೋಟಾನ್ ಹಾಗೂ ಹೆಣೆದ ಫೋಟಾನ್ ಜೋಡಿಗಳ ಕುರಿತ ಪ್ರಯೋಗಗಳು ನಡೆದಿವೆ. ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರೂ. 6,003.65 ಕೋಟಿ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಅನುಮೋದನೆ ನೀಡಿದ್ದು, ಕ್ವಾಂಟಮ್ ಸಂವಹನವು ಅದರ ನಾಲ್ಕು ಕ್ಷೇತ್ರಗಳಲ್ಲಿ ಒಂದಾಗಿರುತ್ತದೆ.