ನಾಚಿಕೆ ಬೇಡ, ತಡ ಬೇಡ

ಅಕ್ಕ, ಗಂಡಸರ ಬೀಜಕ್ಕೂ ಕ್ಯಾನ್ಸರ್ ಬರುತ್ತದೆ, ಗೊತ್ತುಂಟಾ? 15ರಿಂದ 35 ವರ್ಷದವರಲ್ಲಿ ಇದು ಹೆಚ್ಚು. ಬೀಜದಲ್ಲಿ ಗಟ್ಟಿ ಗಂಟು ಆಗುತ್ತದೆ. ಹೆಚ್ಚಾಗಿ ನೋವು ಇರುವುದಿಲ್ಲ. ಮಗ ನಾಚಿಕೆಯಿಂದ ಹೇಳುವುದಿಲ್ಲ. ನಾವೇ ಕೇಳಬೇಕು.

ಬೇಗ ಮದ್ದು ಮಾಡಿದರೆ ಹೆಚ್ಚಿನವರು ಗುಣವಾಗುತ್ತಾರೆ. ಒಂದು ಬೀಜ ತೆಗೆದರೂ, ಇನ್ನೊಂದು ಸರಿ ಇದ್ದರೆ ಮಕ್ಕಳಾಗಬಹುದು.

ಖರ್ಚಿಗೆ ಏನು ಮಾಡುವುದು? ಬೀಡಿ ಕಟ್ಟಿ ಮಾಡಿಸಿದ ಚಿನ್ನವನ್ನು ಕೂಡಲೇ ಅಡವು ಇಡುವುದು ಬೇಡ. ರೇಷನ್ ಕಾರ್ಡು, ಆಧಾರ್ ಹಿಡಿದು ಮೂಡುಬಿದಿರೆಯ ಸರಕಾರಿ ಆಸ್ಪತ್ರೆಗೆ ಹೋಗೋಣ. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಂತು. ಇದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಚೀಟಿಯನ್ನು ಅಲ್ಲೇ ಕೇಳೋಣ.

ಬಸ್ಸಿಗೆ, ಊಟಕ್ಕೆ ನಮ್ಮದೇ ದುಡ್ಡು ಬೇಕು. ಅದಕ್ಕೆ ಸಂಘದ ಉಳಿತಾಯ ಇದೆ. ಚೀಟಿ ಓದಲು ನಮಗೀಗ ಅಕ್ಷರವೂ ಇದೆ.