ಗಣಕಯಂತ್ರದ ಗದ್ದಲವೂ ಅದರ ನಿಗ್ರಹವೂ

ಮೇಜಿನ ಕಂಪ್ಯೂಟರು ಈಗ ಅನೇಕ ಗೃಹಗಳಲ್ಲಿ ನಿತ್ಯೋಪಯೋಗದ ವಸ್ತುವಾಗಿರುವುದು. ಮಕ್ಕಳ ವ್ಯಾಸಂಗವೂ ದೊಡ್ಡವರ ಉದ್ಯೋಗವೂ ಅದರಿಂದ ನಡೆಯುವುವು. ಆದರೆ ರಾತ್ರಿ ಮನೆಯೆಲ್ಲವೂ ನಿಶ್ಶಬ್ದವಾದಾಗ, ಅದರ ಫ್ಯಾನುಗಳ ಭೋರ್ಗರೆತವು ಅದೇ ಕೋಣೆಯಲ್ಲಿ ಮಲಗಿದ ವೃದ್ಧರ ನಿದ್ರೆಯನ್ನೂ ತೊಟ್ಟಿಲ ಕೂಸಿನ ನಿದ್ರೆಯನ್ನೂ ಕೆಡಿಸುವುದು. ಇದನ್ನು ತಾಳಲಾರದೆ ಫ್ಯಾನಿನ ತಂತಿಯನ್ನೇ ಕಿತ್ತಿಡುವವರೂ ಉಂಟು. ಅದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆಯೇ ಸರಿ. ಶಬ್ದವು ಶಮನವಾಗಬೇಕು, ಯಂತ್ರದ ಶೈತ್ಯಕ್ಕೆ ಲೋಪ ಬರಬಾರದು. ಇವೆರಡೂ ಏಕಕಾಲದಲ್ಲಿ ಸಾಧ್ಯವೆಂಬುದನ್ನು ಪ್ರಕೃತ ವಾಚಕರಿಗೆ ನಿವೇದಿಸುವೆವು.

ಯಂತ್ರದ ಪ್ರಧಾನಾಂಗವಾದ ಪ್ರೊಸೆಸರು ತಾನು ಸೇವಿಸಿದ ವಿದ್ಯುತ್ತನ್ನೆಲ್ಲ ಕಡೆಗೆ ಶಾಖವಾಗಿಯೇ ಹೊರಗೆಡಹುವುದು. 65 ವಾಟ್ ಎಂಬುದು ಸಾಮಾನ್ಯ ಪ್ರಮಾಣ. ಪ್ರಬಲವಾದುವುಗಳಲ್ಲಿ 200 ವಾಟನ್ನು ಮೀರುವುದೂ ಉಂಟು. ಈ ಶಾಖವನ್ನು ಸಾಗಿಸತಕ್ಕದ್ದು ಗಾಳಿ. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುವುದು; ಶಬ್ದವಾದರೋ ಸುಮಾರು 15 ಡೆಸಿಬೆಲ್ ತಗ್ಗುವುದು. 10 ಡೆಸಿಬೆಲ್ ತಗ್ಗಿದರೆ ಸದ್ದು ಅರ್ಧವಾದಂತೆ ಕಿವಿಗೆ ತೋರುವುದೆಂದ ಮೇಲೆ, ಈ ಲಾಭವು ಅಲ್ಪವಲ್ಲ. ಆದುದರಿಂದಲೇ 80 ಮಿಲಿಮೀಟರಿನ ಚಿಕ್ಕ ಫ್ಯಾನು ಕಿರುಚುತ್ತ ಮಾಡುವ ಕೆಲಸವನ್ನು 120 ಮಿಲಿಮೀಟರಿನ ಫ್ಯಾನು ಮೆಲ್ಲನೆ ತಿರುಗಿ ಮಾಡುವುದು.

ಯಂತ್ರವು ಆರಂಭವಾಗುವಾಗ ತೆರೆಯಬಹುದಾದ ಬಯಾಸ್ ಎಂಬ ವ್ಯವಸ್ಥೆಯಲ್ಲಿ, ಯಾವ ಉಷ್ಣತೆಗೆ ಎಷ್ಟು ವೇಗವೆಂಬುದನ್ನು ಗೊತ್ತುಪಡಿಸಲು ಸಾಮಾನ್ಯವಾಗಿ ಅವಕಾಶವಿರುವುದು. ನಾಲ್ಕು ಪಿನ್ನಿನ ಫ್ಯಾನು ಸಂಕೇತದಿಂದಲೂ ಮೂರು ಪಿನ್ನಿನದು ವೋಲ್ಟೇಜಿನಿಂದಲೂ ಅಧೀನವಾಗುವುದು; ಈ ಭೇದವನ್ನು ಅಲ್ಲಿ ತಿಳಿಸದಿದ್ದರೆ ಮೂರು ಪಿನ್ನಿನದು ಸದಾ ಪೂರ್ಣವೇಗದಿಂದಲೇ ಓಡೀತು. ಇದಲ್ಲದೆ, ಏರುತ್ತ ಇಳಿಯುತ್ತ ಇರುವ ಸದ್ದು ಏಕರೂಪವಾದ ಸದ್ದಿಗಿಂತ ಹೆಚ್ಚು ಪೀಡಿಸುವುದು. ಆದುದರಿಂದ ವೇಗವು ಬದಲಾಗುವ ಮುನ್ನ ಕೆಲವು ಸೆಕೆಂಡುಗಳ ವಿಳಂಬವನ್ನು ಕಲ್ಪಿಸುವುದು ಯುಕ್ತವು.

ನೀರಿನಿಂದ ತಣಿಸುವ ಯಂತ್ರಗಳಲ್ಲಿ ಪಂಪಿನ ಧರ್ಮವೇ ಬೇರೆ. ಅದನ್ನು ಕ್ಷಣಕ್ಷಣಕ್ಕೂ ಏರಿಳಿಸದೆ, ತಯಾರಕರು ಹೇಳಿದ ಮಿತಿಯೊಳಗೆ ಒಂದೇ ವೇಗದಲ್ಲಿ ನಡೆಸತಕ್ಕದ್ದು. ಅರ್ಧ ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು 100 ವಾಟ್ ಶಾಖಕ್ಕೆ ಸುಮಾರು 20 ಸೆಕೆಂಡುಗಳು ಬೇಕು. ಹೀಗೆ ನೀರು ನಿಧಾನವಾಗಿ ಕಾಯುವುದರಿಂದ, ನೀರಿನ ಉಷ್ಣತೆಯನ್ನು ಅಳೆಯುವ ಸಾಧನವಿದ್ದಲ್ಲಿ ಫ್ಯಾನುಗಳನ್ನು ಅದಕ್ಕೆ ಅನುಸಾರವಾಗಿ ನಡೆಸುವುದು ಲೇಸು. ಗುಳುಗುಳು ಶಬ್ದವು ಗಾಳಿಯ ಗುಳ್ಳೆಗಳದು. ರೇಡಿಯೇಟರಿನ ಮೇಲಂಚು ಪಂಪಿಗಿಂತ ಎತ್ತರದಲ್ಲಿದ್ದರೆ ಅವು ಅಲ್ಲಿಯೇ ನಿಲ್ಲುವುವು. ಝೇಂಕಾರವು ಪೆಟ್ಟಿಗೆಯ ತಗಡಿಗೆ ತಾಗಿದ ಕಂಪನದ್ದು. ರಬ್ಬರಿನ ಬಿಲ್ಲೆಗಳು ಅದನ್ನು ತಡೆಯುವುವು.

ಇವೆಲ್ಲಕ್ಕೂ ಮೊದಲು ಧೂಳನ್ನು ತೆಗೆಯಬೇಕು. ವಿದ್ಯುತ್ತನ್ನು ನಿಲ್ಲಿಸಿ, ಫ್ಯಾನಿನ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಕುಂಚದಿಂದ ಗುಡಿಸತಕ್ಕದ್ದು. ವೇಗವನ್ನು ತಗ್ಗಿಸಿದ ತರುವಾಯ, ಯಂತ್ರಕ್ಕೆ ಅರ್ಧ ಗಂಟೆ ಭಾರವಾದ ಕೆಲಸವನ್ನು ಕೊಟ್ಟು ಉಷ್ಣತೆಯನ್ನು ಪರೀಕ್ಷಿಸಬೇಕು. ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮ ಕೆಲಸವನ್ನು ತಾವೇ ನಿಧಾನಿಸುವುವು. ಅದಕ್ಕಿಂತ ಸಾಕಷ್ಟು ಕೆಳಗಿದ್ದರೆ ವ್ಯವಸ್ಥೆಯು ಸರಿಯಾಯಿತೆಂದು ತಿಳಿಯಬಹುದು. ಇಷ್ಟಾದರೂ ಕರ್ಕಶಧ್ವನಿಯು ನಿಲ್ಲದಿದ್ದರೆ ಫ್ಯಾನಿನ ಬೇರಿಂಗು ಸವೆದಿರಬಹುದು. ಆಗ ಆ ಒಂದು ಫ್ಯಾನನ್ನು ಬದಲಾಯಿಸಿದರೆ ಸಾಕು, ಯಂತ್ರವನ್ನೇ ಮಾರಬೇಕಾದುದಿಲ್ಲ.