ವಸೂಲಾಗದ ಐನೂರು ಗುಲ್ಡನ್ ಮತ್ತು ಎರಡು ಕ್ಲಾರಿನೆಟ್ ಕೃತಿಗಳು

ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತವನಿಗೆ ‘ವಸೂಲಾಗದ ಸಾಲ’ ಎಂಬ ಮಾತು ಹೊಸದಲ್ಲ. ಆದರೆ ಕಾಗದಪತ್ರವೇ ಇಲ್ಲದ ಒಂದು ಕೈಸಾಲ ಇನ್ನೂರು ವರ್ಷಗಳ ಮೇಲೂ ಸಂಗೀತಾಸಕ್ತರ ನೆನಪಿನಲ್ಲಿ ಉಳಿದಿರುವುದು ವಿಶೇಷವೇ ಸರಿ.

1791ರ ಡಿಸೆಂಬರ್ 5ರಂದು ವಿಯೆನ್ನಾ ನಗರದಲ್ಲಿ ಸಂಗೀತ ರಚನಕಾರ ಮೊಜಾರ್ಟ್ ತನ್ನ 35ನೆಯ ವಯಸ್ಸಿನಲ್ಲೇ ತೀರಿಕೊಂಡ. ಸರಕಾರಿ ಅಧಿಕಾರಿಗಳು ಬಂದು ಮನೆಯ ಚರಾಸ್ತಿಯ ಪಟ್ಟಿ ಮಾಡಿದರು. ನಗದು 60 ಗುಲ್ಡನ್. ಬರಬೇಕಾದ ಬಾಕಿಯಲ್ಲಿ ಆಸ್ಥಾನದ ವಾದಕ ಆಂಟನ್ ಸ್ಟಾಡ್ಲರನ ಹೆಸರಿನಲ್ಲಿ 500 ಗುಲ್ಡನ್. ಅದಕ್ಕೆ ಪತ್ರವಿಲ್ಲ, ಬರುವ ಭರವಸೆಯೂ ಇಲ್ಲ ಎಂದು ಬರೆಯಲಾಯಿತು. ಅರಮನೆಯಿಂದ ಮೊಜಾರ್ಟನಿಗೆ ಬರುತ್ತಿದ್ದ ಸಂಬಳ ವರ್ಷಕ್ಕೆ 800 ಗುಲ್ಡನ್. ಲೆಕ್ಕ ಹಾಕಿದರೆ ಇದು ಏಳೂವರೆ ತಿಂಗಳ ಸಂಬಳ!

ಕೊಟ್ಟವನಾದರೂ ಧನಿಕನೇ? ಅದೂ ಇಲ್ಲ. 1788ರಿಂದ ಮೊಜಾರ್ಟ್ ಬಟ್ಟೆ ವ್ಯಾಪಾರಿ ಗೆಳೆಯ ಪುಖ್‌ಬರ್ಗನಿಗೆ ಸಾಲ ಕೇಳಿ ಪತ್ರದ ಮೇಲೆ ಪತ್ರ ಬರೆಯುತ್ತಿದ್ದ. ಒಟ್ಟು ಸುಮಾರು 1,400 ಗುಲ್ಡನ್ ಪಡೆದ. ಟರ್ಕಿಯೊಡನೆ ಯುದ್ಧ ನಡೆದಿತ್ತು, ಶ್ರೀಮಂತರ ಮನೆಯ ಕಚೇರಿಗಳು ಕಡಿಮೆಯಾಗಿದ್ದವು. 1789ರಲ್ಲಿ ತನ್ನ ಕಚೇರಿಗೆ ಚಂದಾದಾರರನ್ನು ಹುಡುಕಲು ಹದಿನಾಲ್ಕು ದಿನ ಪಟ್ಟಿ ತಿರುಗಿಸಿದಾಗ ಅದರಲ್ಲಿ ಬಿದ್ದದ್ದು ಒಂದೇ ಹೆಸರು. ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆ ಅಲೆದವರಿಗೆ ಆ ಸಂಕಟ ವಿವರಿಸಬೇಕಾಗಿಲ್ಲ. ಹೆಂಡತಿ ಕಾನ್‌ಸ್ಟಾಂಜೆಗೆ ಬೇರೆ ಕಾಯಿಲೆ. ಇಂಥವನು ಇನ್ನೊಬ್ಬನಿಗೆ ಸಾಲ ಕೊಟ್ಟದ್ದು ನನ್ನ ವೃತ್ತಿಬುದ್ಧಿಗೆ ಇಂದಿಗೂ ಒಗ್ಗದ ವಿಚಾರ.

ಆದರೆ ಸ್ಟಾಡ್ಲರನ ಕೈಯಲ್ಲಿ ಕ್ಲಾರಿನೆಟ್ ಇತ್ತು. ನಮ್ಮೂರ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ನಾವು ‘ಕ್ಲಾರಿಯೋನೆಟ್’ ಎಂದು ಕರೆಯುತ್ತಿದ್ದ ಅದೇ ವಾದ್ಯ. 1700ರ ಸುಮಾರಿಗೆ ನ್ಯೂರೆಂಬರ್ಗಿನಲ್ಲಿ ಹುಟ್ಟಿದ ಈ ವಾದ್ಯ ಆಗ ಪಿಟೀಲಿನ ಮುಂದೆ ಎಳೆಯ ಕೂಸು. ಉಳಿದವರು ಅದರ ಮೇಲಿನ ಸ್ವರಗಳಲ್ಲಿ ಮೆರೆದರೆ ಸ್ಟಾಡ್ಲರನಿಗೆ ಕೆಳಗಿನ ದಪ್ಪ ಸ್ವರಗಳ ಮೋಹ. ವಿಯೆನ್ನಾದ ವಾದ್ಯ ತಯಾರಕ ಥಿಯೋಡರ್ ಲಾಟ್ಸ್‌ನಿಂದ ಇನ್ನಷ್ಟು ಉದ್ದದ, ನಾಲ್ಕು ಅರ್ಧಸ್ವರ ಕೆಳಗಿಳಿಯಬಲ್ಲ ಕ್ಲಾರಿನೆಟ್ ಆತನಿಗೆ ಸಿಕ್ಕಿತು. ಆ ವಾದ್ಯಕ್ಕೆಂದು, ಆ ವಾದಕನಿಗೆಂದು ಮೊಜಾರ್ಟ್ ಬರೆದದ್ದು ಎರಡು ಮಹತ್ವದ ಕೃತಿಗಳು.

ಮೊದಲನೆಯದು 1789ರ ಸೆಪ್ಟೆಂಬರ್ 29ರಂದು ಮುಗಿದ ಕ್ಲಾರಿನೆಟ್ ಕ್ವಿಂಟೆಟ್. ಕ್ಲಾರಿನೆಟ್ ಒಂದು, ಪಿಟೀಲು ಎರಡು, ವಯೋಲಾ ಒಂದು, ಚೆಲ್ಲೋ ಒಂದು, ಒಟ್ಟು ಐವರು. ಇದು ಚೇಂಬರ್ ಸಂಗೀತ, ಅಂದರೆ ಮನೆಯ ಬೈಠಕ್ಕಿನ ಸಂಗೀತ. ಕೋಲು ಹಿಡಿದು ನಡೆಸುವವನಿಲ್ಲ, ಒಂದು ಪಾತ್ರಕ್ಕೆ ಒಬ್ಬನೇ. ನನಗಿದು ಒಳ್ಳೆಯ ತಾಳಮದ್ದಳೆಯಂತೆ ಕೇಳಿಸುತ್ತದೆ. ಒಬ್ಬ ಅರ್ಥಧಾರಿ ಮಾತು ಎತ್ತುತ್ತಾನೆ, ಇನ್ನೊಬ್ಬ ಅದನ್ನು ಹಿಡಿದು ಬೇರೆಡೆಗೆ ಒಯ್ಯುತ್ತಾನೆ, ಮೂರನೆಯವನು ಸುಮ್ಮನೆ ಕೇಳುತ್ತಾನೆ. ಸುಮ್ಮನಿರುವುದೂ ಅಲ್ಲಿ ಕಲೆಯೇ. ಮೂರನೆಯ ಭಾಗವಾದ ಮಿನುಯೆಟ್‌ನ ನಡುವೆ ಒಂದೆಡೆ ಕ್ಲಾರಿನೆಟ್ ಪೂರ್ತಿ ಮೌನ, ನಾಲ್ಕು ತಂತಿವಾದ್ಯಗಳದ್ದೇ ಮಾತು. ಗೆಳೆಯನಿಗೆಂದೇ ಬರೆದ ಕೃತಿಯಲ್ಲಿ ಗೆಳೆಯನನ್ನೇ ಸುಮ್ಮನೆ ಕೂರಿಸಿದ್ದಾನೆ! ಎರಡನೆಯ ಭಾಗ ಲಾರ್ಗೆಟ್ಟೋದಲ್ಲಿ ಮಾತ್ರ ಪಿಟೀಲುಗಳ ದನಿ ತಗ್ಗಿಸಿ, ಕ್ಲಾರಿನೆಟ್ ನೀಳವಾದ ಉಸಿರಿನಲ್ಲಿ ಹಾಡುತ್ತದೆ. ಅದೇ ಡಿಸೆಂಬರ್ 22ರಂದು ವಿಯೆನ್ನಾದ ಬುರ್ಗ್‌ಥಿಯೇಟರ್‌ನಲ್ಲಿ ಸ್ಟಾಡ್ಲರ್ ಇದನ್ನು ಮೊದಲ ಬಾರಿಗೆ ನುಡಿಸಿದ. ಸಂಗೀತಗಾರರ ವಿಧವೆಯರು ಮತ್ತು ಅನಾಥ ಮಕ್ಕಳ ಸಹಾಯಾರ್ಥ ನಡೆದ ಕಚೇರಿ ಅದು. ಐದು ವಾರಗಳ ಹಿಂದಷ್ಟೇ ಮೊಜಾರ್ಟ್ ದಂಪತಿಗೆ ಹುಟ್ಟಿದ ಹೆಣ್ಣು ಮಗು ಅದೇ ದಿನ ತೀರಿಕೊಂಡಿತ್ತು.

ಎರಡನೆಯದು 1791ರ ಅಕ್ಟೋಬರ್‌ನ ಕ್ಲಾರಿನೆಟ್ ಕಾನ್ಚೆರ್ಟೋ. ಕಾನ್ಚೆರ್ಟೋದ ಸ್ವಭಾವವೇ ಬೇರೆ: ಒಂದು ಕಡೆ ಒಬ್ಬ, ಇನ್ನೊಂದು ಕಡೆ ಇಡೀ ವಾದ್ಯವೃಂದ. ಒಬ್ಬನ ಸಾಮರ್ಥ್ಯ ಮೆರೆಸಲೆಂದೇ ಇರುವ ಪ್ರಕಾರ. ಆದರೆ ಇಲ್ಲಿ ಮೊಜಾರ್ಟ್ ತುತ್ತೂರಿ, ನಗಾರಿ, ಓಬೋ ಎಲ್ಲವನ್ನೂ ಹೊರಗಿಟ್ಟು ಕೊಳಲು, ಬಸೂನ್, ಹಾರ್ನ್ ತಲಾ ಎರಡನ್ನು ಮಾತ್ರ ತಂತಿವಾದ್ಯಗಳ ಜೊತೆ ಸೇರಿಸಿದ. ಒಂಟಿ ವಾದಕನ ದೀರ್ಘ ಕಸರತ್ತಿಗೂ ಜಾಗ ಬಿಡಲಿಲ್ಲ. ದೊಡ್ಡ ಸಭೆಯಲ್ಲೂ ಬೈಠಕ್ಕಿನ ದನಿಯಲ್ಲೇ ಮಾತಾಡಿದಂತೆ. ಸ್ಪಾದಲ್ಲಿದ್ದ ಹೆಂಡತಿಗೆ ಆ ದಿನಗಳಲ್ಲಿ ಬರೆದ ಪತ್ರವೊಂದರಲ್ಲಿ ತನ್ನ ಕುದುರೆಯನ್ನು 14 ಡುಕಾಟ್‌ಗೆ ಮಾರಿದ್ದು, ಕಪ್ಪು ಕಾಫಿ ತರಿಸಿ ಹೊಗೆಸೊಪ್ಪು ಸೇದಿದ್ದು, ಬಳಿಕ ಸ್ಟಾಡ್ಲರನ ಕೃತಿಯ ಕೊನೆಯ ಭಾಗಕ್ಕೆ ವಾದ್ಯವೃಂದದ ಸ್ವರ ಬರೆದದ್ದು ಎಲ್ಲವನ್ನೂ ಖುಷಿಯಿಂದಲೇ ತಿಳಿಸಿದ್ದಾನೆ. ಎರಡು ತಿಂಗಳು ಕಳೆಯುವುದರೊಳಗೆ ಆತನಿಲ್ಲ.

ಹಸ್ತಪ್ರತಿ ಏನಾಯಿತು? ಸ್ಟಾಡ್ಲರ್ ಅದನ್ನು ಹೊತ್ತು ವರ್ಷಗಟ್ಟಲೆ ಊರೂರು ತಿರುಗಿದ. ಪೆಟ್ಟಿಗೆ ಕಳವಾಯಿತು ಎಂದು ಅವನ ಹೇಳಿಕೆ. 73 ಡುಕಾಟ್‌ಗೆ ಗಿರವಿ ಇಟ್ಟನೆಂದು ಬೇರೆಯವರು ತನಗೆ ಹೇಳಿದ್ದಾಗಿ ಕಾನ್‌ಸ್ಟಾಂಜೆ 1800ರಲ್ಲಿ ಪ್ರಕಾಶಕನೊಬ್ಬನಿಗೆ ಬರೆದಳು. ಅಂತೂ ಹಸ್ತಪ್ರತಿ ಸಿಗಲೇ ಇಲ್ಲ. ಕೃತಿ ಅಚ್ಚಾದಾಗ ಆ ಉದ್ದನೆಯ ವಾದ್ಯ ಯಾರ ಬಳಿಯೂ ಇರಲಿಲ್ಲವಾಗಿ, ಕೆಳಗಿನ ಸ್ವರಗಳನ್ನು ಮೇಲಕ್ಕೆ ತಿರುಗಿಸಿ ಸಾಮಾನ್ಯ ಕ್ಲಾರಿನೆಟ್‌ಗೆ ಹೊಂದಿಸಲಾಯಿತು. ನೂರೈವತ್ತು ವರ್ಷ ಜಗತ್ತು ಕೇಳಿದ್ದು ಈ ತಿದ್ದಿದ ಪಾಠವನ್ನೇ. 1992ರಲ್ಲಿ ಲಾಟ್ವಿಯಾದ ರೀಗಾದಲ್ಲಿ ಸ್ಟಾಡ್ಲರ್ 1794ರಲ್ಲಿ ನೀಡಿದ ಕಚೇರಿಗಳ ಮುದ್ರಿತ ಪತ್ರಿಕೆ ಸಿಕ್ಕಿತು. ಅದರಲ್ಲಿ ಅವನ ವಾದ್ಯದ ಚಿತ್ರವಿತ್ತು. ಅದನ್ನು ನೋಡಿ ಅಂಥ ಕ್ಲಾರಿನೆಟ್ ತಯಾರಿಸಿದವರಿದ್ದಾರೆ.

ಗಂಡನ ಸಾಲವನ್ನು ಕಾನ್‌ಸ್ಟಾಂಜೆ ಕಚೇರಿ ನಡೆಸಿ, ಹಸ್ತಪ್ರತಿ ಮಾರಿ ತೀರಿಸಿದಳು. ಪುಖ್‌ಬರ್ಗನ ಹಣವೂ ಸಂದಿತು. ಆದರೂ ಆತ 1822ರಲ್ಲಿ ಬಡತನದಲ್ಲೇ ಸತ್ತ. ಸ್ಟಾಡ್ಲರನ ಐನೂರು ಬಂದ ದಾಖಲೆಯಿಲ್ಲ.

ಇವನ್ನು ನನಗೆ ಕೇಳಿಸಿದ್ದು ಪಕ್ಕದ ಕೌಂಟರಿನಲ್ಲಿದ್ದ ಗೋವಾದ ಸಹೋದ್ಯೋಗಿ, ಹಳೆಯ ಕ್ಯಾಸೆಟ್ಟೊಂದನ್ನು ಕೊಟ್ಟು. ಪಾಶ್ಚಾತ್ಯ ಸಂಗೀತ ತಲೆಗೆ ಹತ್ತದು ಎನ್ನುವವರು ಕ್ವಿಂಟೆಟ್‌ನ ಲಾರ್ಗೆಟ್ಟೋ ಮೊದಲು ಕೇಳಿ, ಆಮೇಲೆ ಕಾನ್ಚೆರ್ಟೋದ ನಡುಭಾಗ ಅಡಾಜಿಯೋ. ಎರಡೂ ಸೇರಿ ಕಾಲು ಗಂಟೆ. ಕುರ್ಲಾದಿಂದ ದಾದರ್ ತಲುಪುವಷ್ಟರಲ್ಲಿ ಮುಗಿಯುತ್ತದೆ, ಲೋಕಲ್ ಸರಿಯಾದ ಸಮಯಕ್ಕೆ ಓಡದಿದ್ದರೆ!